ಎರೆಸೀಮೆಯವರಿಗೆ ಕಾರವಾರ

ಧಾರವಾಡ ಜಿಲ್ಲೆಯ ನವಲಗುಂದ ತಾಲೂಕಿನ ತಿರ್ಲಾಪುರದಂಥ ಊರಿನಲ್ಲಿ ಹುಟ್ಟಿ ಬೆಳೆದವರಿಗೆ ನೆಲವೆಂದರೆ ದಿಗಂತದವರೆಗೆ ಅಡೆತಡೆಯಿಲ್ಲದೆ ಹಬ್ಬಿದ ಕರಿಯ ಎರೆ. ನೀರೆಂದರೆ ಮಳೆಗಾಲದಲ್ಲಿ ಒಮ್ಮಿಂದೊಮ್ಮೆಗೆ ಉಕ್ಕಿ ಬೆಳೆದ ಪೈರನ್ನು ಮುಳುಗಿಸಿ, ಉಳಿದ ತಿಂಗಳುಗಳಲ್ಲಿ ಇದ್ದೂ ಇಲ್ಲದಂತಿರುವ ಬೆಣ್ಣಿಹಳ್ಳ, ತುಪ್ಪರಿಹಳ್ಳಗಳು ಮತ್ತು ಮಲಪ್ರಭೆಯ ಕಾಲುವೆ. ಸುತ್ತಲೂ ನೀರಿರುವ ನಡುಗಡ್ಡೆ, ಬಂಡೆಯ ನೆತ್ತಿಯಿಂದ ಪಾತಾಳಕ್ಕೆ ಧುಮುಕುವ ನದಿ, ಅಲೆಗಳ ಸದ್ದು ಕೇಳುವ ಕೋಟೆ ಇವೆಲ್ಲ ಅವರ ಪಾಲಿಗೆ ಬಹುಕಾಲದವರೆಗೆ ಶಾಲೆಯ ಭೂಗೋಳದ ಪಾಠಗಳಾಗಿಯೇ ಉಳಿದಿರುತ್ತವೆ. ಸುಗ್ಗಿ ಮುಗಿದು ಕೈಯಲ್ಲಿ ನಾಲ್ಕು ಕಾಸು ಕೂಡಿದಾಗ ‘ಸಮುದ್ರ ನೋಡಿ ಬರೂಣು’ ಎಂಬ ಮಾತು ಮನೆಯಲ್ಲಿ ಏಳುತ್ತದೆ. ಆಗ ಅವರಿಗೆ ಅತ್ಯಂತ ಸಹಜವಾದ ಕಡಲ ಪಟ್ಟಣ ಕಾರವಾರ. ಹುಬ್ಬಳ್ಳಿ, ಕಲಘಟಗಿ, ಯಲ್ಲಾಪುರ, ಅಂಕೋಲೆಗಳ ಮಾರ್ಗವಾಗಿ ಅದು ಇನ್ನೂರು ಕಿಲೋಮೀಟರಿನ ಆಸುಪಾಸಿನ ದಾರಿ. ಅಲ್ಲಿ ನೆಲೆನಿಂತು, ಬೆಳಿಗ್ಗೆ ಹೊರಟು ರಾತ್ರಿಯೊಳಗೆ ಹಿಂದಿರುಗುವಂತೆ ಯಾವ ಯಾವ ಸ್ಥಳಗಳನ್ನು ನೋಡಬಹುದೆಂಬುದೇ ಈ ಬರೆಹದ ವಿಷಯ.

ಪ್ರವಾಸದ ಕೈಪಿಡಿಗಳು ಸಾಮಾನ್ಯವಾಗಿ ದ್ವೀಪಗಳನ್ನೊಂದು ಕಡೆ, ಜಲಪಾತಗಳನ್ನೊಂದು ಕಡೆ, ಐತಿಹಾಸಿಕ ಪಟ್ಟಣಗಳನ್ನು ಮತ್ತೊಂದು ಕಡೆ ಪಟ್ಟಿಮಾಡಿ ಕೊಡುತ್ತವೆ. ಆ ಪಟ್ಟಿಗಳನ್ನು ನಂಬಿದವನು ದಿನದ ಬಹುಭಾಗವನ್ನು ವಾಹನದಲ್ಲಿಯೇ ಕಳೆದು, ನೋಡಿದೆನೆಂಬ ತೃಪ್ತಿಯಿಲ್ಲದೆ ಮರಳುವುದುಂಟು. ಉತ್ತರ ಕನ್ನಡವನ್ನು ನೋಡುವ ಸರಿಯಾದ ಕ್ರಮವೆಂದರೆ ಅಲ್ಲಿಯ ನದಿಗಳನ್ನು ಹಿಡಿದು ನಡೆಯುವುದು. ಕಾಳಿ, ಬೇಡ್ತಿ, ಅಘನಾಶಿನಿ, ಶರಾವತಿಗಳು ಸಹ್ಯಾದ್ರಿಯ ಅಂಚಿನಿಂದ ಪಶ್ಚಿಮಕ್ಕೆ ಇಳಿಯುವ ಹೊಳೆಗಳು. ಜಲಪಾತಗಳಾದದ್ದು ಆ ಇಳಿತದಲ್ಲಿ, ಬಂದರುಗಳೂ ಕೋಟೆಗಳೂ ಆದದ್ದು ಅವುಗಳ ಅಳಿವೆಗಳಲ್ಲಿ. ಒಂದು ದಿನಕ್ಕೆ ಒಂದು ನದಿಯೆಂದು ಗೊತ್ತುಮಾಡಿಕೊಂಡವನಿಗೆ ದಾರಿಯೂ ಚಿಕ್ಕದಾಗುತ್ತದೆ, ಕಂಡದ್ದಕ್ಕೆ ಅರ್ಥವೂ ದೊರೆಯುತ್ತದೆ.

ಇವುಗಳಲ್ಲಿ ಬೇಡ್ತಿಯು ನಮ್ಮ ಜಿಲ್ಲೆಯ ಮಗಳೇ ಆಗಿರುವುದರಿಂದ ಮೊದಲ ದಿನವನ್ನು ಅದಕ್ಕೆ ಕೊಡುವುದು ನ್ಯಾಯ. ಹುಬ್ಬಳ್ಳಿ–ಧಾರವಾಡಗಳ ನೆಲವು ಎರಡು ಸಮುದ್ರಗಳಿಗೆ ನೀರನ್ನು ಹಂಚಿಕೊಡುವ ನೆಲ. ನವಲಗುಂದದ ಹಳ್ಳಗಳ ನೀರು ಮಲಪ್ರಭೆಯನ್ನು ಸೇರಿ, ಕೂಡಲಸಂಗಮದಲ್ಲಿ ಕೃಷ್ಣೆಯೊಡನೆ ಬೆರೆತು, ದಖನ್ನಿನ ಬಯಲನ್ನೆಲ್ಲ ದಾಟಿ ಬಂಗಾಳ ಉಪಸಾಗರಕ್ಕೆ ಹೋಗುತ್ತದೆ. ಅದೇ ಜಿಲ್ಲೆಯ ಪಡುವಣ ಭಾಗದಲ್ಲಿ, ಧಾರವಾಡದ ಸೋಮೇಶ್ವರ ದೇವಾಲಯದ ಬಳಿ ಹುಟ್ಟುವ ಶಾಲ್ಮಲೆಯು ಕಲಘಟಗಿಯ ಸೀಮೆಯಲ್ಲಿ ಬೇಡ್ತಿಯೊಡಗೂಡಿ, ಯಲ್ಲಾಪುರದ ದಟ್ಟಡವಿಯನ್ನು ಹೊಕ್ಕು, ಮಾಗೋಡಿನಲ್ಲಿ ಸುಮಾರು 200 ಮೀಟರು ಆಳಕ್ಕೆ ಬಿದ್ದು, ಘಟ್ಟದ ಕೆಳಗೆ ಗಂಗಾವಳಿಯೆಂಬ ಹೆಸರನ್ನು ತಳೆದು, ಅಂಕೋಲೆ–ಗೋಕರ್ಣಗಳ ನಡುವೆ ಅರಬ್ಬೀ ಸಮುದ್ರದಲ್ಲಿ ಲೀನವಾಗುತ್ತದೆ. ಮಾಗೋಡು ಯಲ್ಲಾಪುರದಿಂದ ಇಪ್ಪತ್ತು ಕಿಲೋಮೀಟರಿನೊಳಗೆ ಇದೆ. ನದಿಯು ಅಲ್ಲಿ ಒಂದೇ ನೆಗೆತದಲ್ಲಿ ಬೀಳದೆ ಬಂಡೆಯ ಇಕ್ಕಟ್ಟಿನಲ್ಲಿ ಹೊರಳಿ, ಮತ್ತೆ ಕಮರಿಗೆ ಧುಮುಕುವುದನ್ನು ನೋಡುಗನು ಎದುರಿನ ಎತ್ತರದಿಂದ ಕಾಣುತ್ತಾನೆ. ಹತ್ತಿರ ಹೋಗಲು ದಾರಿಯಿಲ್ಲ, ಇಲ್ಲದಿರುವುದೇ ಕ್ಷೇಮ. ಸಮೀಪದ ಜೇನುಕಲ್ಲು ಗುಡ್ಡದಿಂದ ಅದೇ ನದಿಯು ಕೆಳಗಿನ ಕಣಿವೆಯಲ್ಲಿ ಶಾಂತವಾಗಿ ಬಳಸಿ ಹರಿಯುವುದನ್ನು ಸಂಜೆಯ ಬೆಳಕಿನಲ್ಲಿ ನೋಡಬೇಕು. ಈ ನದಿಗೆ ಅಣೆಕಟ್ಟು ಕಟ್ಟಿ ವಿದ್ಯುತ್ತನ್ನು ತೆಗೆಯುವ ಯೋಜನೆಯೊಂದು 1980ರ ಆಸುಪಾಸಿನಲ್ಲಿ ಸಿದ್ಧವಾಗಿತ್ತು. ಶಿರಸಿ–ಯಲ್ಲಾಪುರಗಳ ಅಡಿಕೆ ತೋಟಿಗರೂ ವಿಜ್ಞಾನಿಗಳೂ ಒಟ್ಟುಗೂಡಿ ಅದನ್ನು ಪ್ರತಿಭಟಿಸಿದ್ದರಿಂದ ಆ ಯೋಜನೆ ನಿಂತುಹೋಯಿತು. ಮಾಗೋಡಿನಲ್ಲಿ ಇಂದಿಗೂ ನೀರು ಬೀಳುತ್ತಿರುವುದಕ್ಕೆ ನಿಸರ್ಗದಷ್ಟೇ ಆ ಜನರೂ ಕಾರಣರು.

ಕಾರವಾರದಿಂದ ಯಲ್ಲಾಪುರಕ್ಕೆ ನೂರು ಕಿಲೋಮೀಟರಿಗೆ ತುಸು ಕಡಿಮೆ. ದಾರಿಯು ಅರಬೈಲ್ ಘಟ್ಟವನ್ನೇರಿ ಹೋಗುತ್ತದೆ. ಈ ದಾರಿಗೂ ಎರೆಹೊಲಗಳಿಗೂ ಹಳೆಯ ಸಂಬಂಧವುಂಟು. ಧಾರವಾಡದ ಎರೆಯಲ್ಲಿ ಬೆಳೆದ ಹತ್ತಿಯು ಎತ್ತಿನ ಬಂಡಿಗಳಲ್ಲಿ ಘಟ್ಟವಿಳಿದು ಕುಮಟೆಯ ಬಂದರಿನಿಂದ ಹಡಗನ್ನೇರುತ್ತಿದ್ದ ಕಾಲದಲ್ಲಿ, ನಮ್ಮ ಹತ್ತಿಗೆ ಪರದೇಶದ ಮಾರುಕಟ್ಟೆಯಲ್ಲಿ ‘ಕುಮಟಾ’ ಎಂದೇ ಹೆಸರು ಬಿದ್ದಿತ್ತು. ಬೆಳೆದ ಊರಿನ ಹೆಸರು ಯಾರಿಗೂ ತಿಳಿಯದೆ, ಹಡಗು ಹತ್ತಿದ ಊರಿನ ಹೆಸರು ಲೋಕಪ್ರಸಿದ್ಧವಾಯಿತು. 1861ರಿಂದ 1865ರವರೆಗೆ ಅಮೇರಿಕೆಯಲ್ಲಿ ಅಂತರ್ಯುದ್ಧ ನಡೆದು ಮ್ಯಾಂಚೆಸ್ಟರಿನ ಗಿರಣಿಗಳಿಗೆ ಅಲ್ಲಿಯ ಹತ್ತಿ ನಿಂತುಹೋದಾಗ, ಆಂಗ್ಲ ವರ್ತಕರ ಕಣ್ಣು ಧಾರವಾಡದ ಮೇಲೆ ಬಿದ್ದಿತು. ಕಾರವಾರವನ್ನು ದೊಡ್ಡ ಬಂದರನ್ನಾಗಿ ಮಾಡಿ ಘಟ್ಟದ ಮೇಲಿನ ಹತ್ತಿಯನ್ನು ಅಲ್ಲಿಗೆ ಇಳಿಸಬೇಕೆಂಬ ಪ್ರಯತ್ನಗಳು ನಡೆದದ್ದು ಆ ದಶಕದಲ್ಲಿಯೇ. ಮುಂದೆ ರೈಲುಮಾರ್ಗವು ಹುಬ್ಬಳ್ಳಿಯನ್ನು ಗೋವೆಯ ಮಾರ್ಮಗೋವೆಯೊಡನೆ ಜೋಡಿಸಿದ್ದರಿಂದ ಹತ್ತಿ ಆ ಕಡೆಗೆ ಹೊರಳಿ, ಕುಮಟೆ–ಕಾರವಾರಗಳ ಭಾಗ್ಯವು ಮಂಕಾಯಿತು. ಹುಬ್ಬಳ್ಳಿಯಿಂದ ಅಂಕೋಲೆಗೆ ರೈಲು ಬೇಕೆಂಬ ಬೇಡಿಕೆಯಂತೂ ಇಂದಿಗೂ ಬೇಡಿಕೆಯಾಗಿಯೇ ಉಳಿದಿದೆ.

ಎರಡನೆಯ ದಿನವನ್ನು ಕಾಳಿಗೆ ಮೀಸಲಿಡಬೇಕು; ಇದಕ್ಕೆ ದೂರ ಹೋಗಬೇಕಾದ್ದಿಲ್ಲ, ಏಕೆಂದರೆ ಕಾರವಾರವೇ ಕಾಳಿಯ ಅಳಿವೆಯ ಊರು. ಈ ಪಟ್ಟಣದಿಂದ ಹೊರಟ ಚಿಕ್ಕ ವಿಹಾರಗಳಲ್ಲಿ ಅತ್ಯಂತ ಪ್ರಸಿದ್ಧವಾದುದನ್ನು ಮಾಡಿದವರು ರವೀಂದ್ರನಾಥ ಠಾಕೂರರು. ಅವರ ಅಣ್ಣ ಸತ್ಯೇಂದ್ರನಾಥರು ಇಲ್ಲಿ ನ್ಯಾಯಾಧೀಶರಾಗಿದ್ದರು. ಇಪ್ಪತ್ತೆರಡರ ಹರೆಯದ ಕವಿಯು 1883ರಲ್ಲಿ ಅಣ್ಣನ ಮನೆಯಲ್ಲಿದ್ದಾಗ, ಒಂದು ಸಂಜೆ ಮನೆಮಂದಿಯೊಡನೆ ಸಣ್ಣ ದೋಣಿಯಲ್ಲಿ ಕಾಳಿಯನ್ನು ಮೇಲಕ್ಕೆ ಸಾಗಿ, ಬೆಟ್ಟದ ಮೇಲಿನ ಕೋಟೆಯ ಬಳಿ ಇಳಿದು, ಒಬ್ಬ ಒಕ್ಕಲಿಗನ ಸಾರಿಸಿದ ಅಂಗಳದಲ್ಲಿ ಬೆಳುದಿಂಗಳಲ್ಲಿ ಕುಳಿತು, ತಂದ ಬುತ್ತಿಯನ್ನು ಬಿಚ್ಚಿ ಉಂಡು, ಪ್ರವಾಹದೊಡನೆ ಮರಳಿ ಬಂದು, ಕಡಲ ತಡಿಯ ಮರಳಿನ ಮೇಲೆ ನಡೆಯುತ್ತ ಮನೆ ಸೇರಿದ್ದನ್ನು ತಮ್ಮ ಆತ್ಮಕಥನದಲ್ಲಿ ನೆನೆದಿದ್ದಾರೆ. ‘ಪ್ರಕೃತಿರ್ ಪ್ರತಿಶೋಧ್’ ಎಂಬ ನಾಟಕವು ಕಾರವಾರದಲ್ಲಿಯೇ ರಚಿತವಾಯಿತು. ಪಟ್ಟಣದ ಕಡಲತೀರವು ಇಂದು ಅವರ ಹೆಸರಿನಲ್ಲಿದೆ. ಜೋಳದ ರೊಟ್ಟಿ, ಶೇಂಗಾ ಚಟ್ನಿಗಳ ಗಂಟಿಲ್ಲದೆ ಊರ ಗಡಿ ದಾಟದ ನಮ್ಮವರಿಗೆ ಈ ಬುತ್ತಿಯ ಸಂಗತಿಯು ವಿಶೇಷವಾಗಿ ಪ್ರಿಯವಾಗಬೇಕು. ಅಳಿವೆಯ ಬಡಗಣ ದಂಡೆಯ ಸದಾಶಿವಗಡವು ಸೋಂದೆಯ ಅರಸರು ಹದಿನೆಂಟನೆಯ ಶತಮಾನದ ಆರಂಭದಲ್ಲಿ ಕಟ್ಟಿಸಿದ ಕೋಟೆ. ಅದರ ಬಳಿಯ ಹಳೆಯ ಸೇತುವೆಯು 2024ರ ಆಗಸ್ಟ್ 7ರ ನಡುರಾತ್ರಿಯ ನಂತರ ಕುಸಿದು ಕಾಳಿಯ ಪಾಲಾಯಿತು.

ಕಾರವಾರದ ಕೊಲ್ಲಿಯಲ್ಲಿ ದ್ವೀಪಗಳು ಹಲವು. ಅಂಜದೀವಕ್ಕೆ ಚರಿತ್ರೆ ಬಹಳ: 1498ರಲ್ಲಿ ವಾಸ್ಕೋ ಡ ಗಾಮನು ಅಲ್ಲಿ ತಂಗಿದ್ದನು, 1505ರಲ್ಲಿ ಪೋರ್ತುಗೀಸರು ಅಲ್ಲೊಂದು ಕೋಟೆಯನ್ನು ಕಟ್ಟಿದರು, 1961ರಲ್ಲಿ ಅಲ್ಲಿಂದ ನಡೆದ ಗುಂಡಿನ ದಾಳಿಯು ಗೋವೆಯ ವಿಮೋಚನೆಯ ಕಾರ್ಯಾಚರಣೆಗೆ ಒಂದು ನಿಮಿತ್ತವಾಯಿತು. ಆದರೆ ಈಗ ಅದು ನೌಕಾದಳದ ವಶದಲ್ಲಿದ್ದು, ಪ್ರವಾಸಿಗನಿಗೆ ನಿಷಿದ್ಧ. ದಡದಿಂದಲೇ ನೋಡಿ ತೃಪ್ತರಾಗಬೇಕು. ಹೋಗಬಹುದಾದದ್ದು ಕೂರ್ಮಗಡ. ಆಮೆಯ ಆಕಾರದ ಆ ದ್ವೀಪದಲ್ಲಿ ನರಸಿಂಹ ದೇವರ ಗುಡಿಯಿದ್ದು, ಪುಷ್ಯ ಹುಣ್ಣಿಮೆಯ ಜಾತ್ರೆಗೆ ಜನರು ದೋಣಿಗಳಲ್ಲಿ ನೆರೆಯುತ್ತಾರೆ. 2019ರ ಜನವರಿಯಲ್ಲಿ ಈ ಜಾತ್ರೆಯಿಂದ ಮರಳುತ್ತಿದ್ದ ದೋಣಿಯೊಂದು ಮಗುಚಿ ಹತ್ತಕ್ಕಿಂತ ಹೆಚ್ಚು ಜನ ಜಲಸಮಾಧಿಯಾದರು. ಚಕ್ಕಡಿಯಲ್ಲಿ ಇನ್ನಿಬ್ಬರನ್ನು ಹತ್ತಿಸಿಕೊಂಡಂತೆ ದೋಣಿಯಲ್ಲಿಯೂ ಹತ್ತಿಸಿಕೊಳ್ಳಬಹುದೆಂಬುದು ಬಯಲಿನವರ ಭ್ರಮೆ. ಸಮುದ್ರವು ಅದನ್ನು ಸಹಿಸುವುದಿಲ್ಲ.

ಚಕ್ಕಡಿಯ ಮಾತು ಬಂದುದರಿಂದ ಇದನ್ನೂ ಹೇಳಿಬಿಡುತ್ತೇನೆ: ಕಾಳಿಯ ಕಾಡಿನೊಳಗೆ, ಜೋಯಿಡಾ ತಾಲೂಕಿನ ಉಳವಿಯಲ್ಲಿ ಚೆನ್ನಬಸವಣ್ಣನವರ ಸಮಾಧಿಯಿದೆ. ಭಾರತ ಹುಣ್ಣಿಮೆಯ ಜಾತ್ರೆಗೆ ಧಾರವಾಡ, ಬೆಳಗಾವಿ ಸೀಮೆಯ ರೈತರು ಇಂದಿಗೂ ಎತ್ತುಗಳನ್ನು ಸಿಂಗರಿಸಿ, ಚಕ್ಕಡಿ ಹೂಡಿ, ಹಲವು ದಿನ ನಡೆದು ಅಲ್ಲಿಗೆ ಮುಟ್ಟುತ್ತಾರೆ. ಕಾರವಾರದಿಂದ ಅದೊಂದು ಹಗಲಿನ ದಾರಿಯಾದರೂ, ಉಳವಿಯನ್ನು ಮೋಟಾರಿನಲ್ಲಿ ಮುಟ್ಟಿಬರುವುದು ನನಗೆ ಅಷ್ಟಾಗಿ ಒಪ್ಪಿಗೆಯಿಲ್ಲ.

ಮೂರನೆಯ ದಿನ ದಕ್ಷಿಣಕ್ಕೆ, ಅಘನಾಶಿನಿಯ ಕಡೆಗೆ. ಅರುವತ್ತು ಕಿಲೋಮೀಟರಿನಷ್ಟು ದೂರದಲ್ಲಿ ಗೋಕರ್ಣ. ಮಹಾಬಲೇಶ್ವರನ ಸನ್ನಿಧಿಯನ್ನು ನಮ್ಮವರಿಗೆ ಪರಿಚಯಿಸುವ ಅಗತ್ಯವಿಲ್ಲ. ಅದರ ಪಕ್ಕದಲ್ಲಿಯೇ ಸಾಣಿಕಟ್ಟೆಯ ಉಪ್ಪಿನಾಗರವಿದೆ. ಸಮುದ್ರದ ನೀರನ್ನು ಮಡಿಗಳಲ್ಲಿ ನಿಲ್ಲಿಸಿ ಬಿಸಿಲಿಗೆ ಬಿಟ್ಟು ಉಪ್ಪನ್ನು ಬೆಳೆಯುವ ಆ ಗದ್ದೆಗಳು ಒಕ್ಕಲುತನ ಬಲ್ಲವನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸುತ್ತವೆ. ಅಳಿವೆಯ ಗಜನಿ ಭೂಮಿಯಲ್ಲಿ ಕಗ್ಗವೆಂಬ ಭತ್ತವನ್ನು ಬೆಳೆಯುವರು; ಉಪ್ಪುನೀರು ಹೊಕ್ಕರೂ ಸಾಯದ ತಳಿ ಅದು. ಸಮೀಪದ ಮಿರ್ಜಾನ ಕೋಟೆಯು ಜಂಬಿಟ್ಟಿಗೆಯ ಗೋಡೆಗಳ ಮೇಲೆ ಹಸುರು ಹಬ್ಬಿಸಿಕೊಂಡು ನಿಂತಿದೆ. ಹದಿನಾರನೆಯ ಶತಮಾನದಲ್ಲಿ ಗೇರುಸೊಪ್ಪೆಯನ್ನಾಳಿದ ರಾಣಿ ಚೆನ್ನಭೈರಾದೇವಿಯ ಹೆಸರು ಅದಕ್ಕೆ ಅಂಟಿಕೊಂಡಿದೆ. ಪೋರ್ತುಗೀಸರು ಅವಳನ್ನು ಮೆಣಸಿನ ರಾಣಿಯೆಂದು ಕರೆಯುತ್ತಿದ್ದರು. ಒಳಗಿನ ಬಾವಿಗಳನ್ನೂ ಸುತ್ತಣ ಕಂದಕವನ್ನೂ ಸಾವಧಾನವಾಗಿ ನೋಡುವವನಿಗೆ ಎರಡು ಗಂಟೆಯಾದರೂ ಬೇಕು. ಇದೇ ಅಘನಾಶಿನಿಯು ಘಟ್ಟದ ಮೇಲೆ ಸಿದ್ದಾಪುರದ ಕಾಡಿನಲ್ಲಿ ಉಂಚಳ್ಳಿಯಾಗಿ 116 ಮೀಟರು ಬೀಳುತ್ತದೆ, ಆದರೆ ಅದನ್ನು ಶಿರಸಿಯಿಂದ ನೋಡುವುದೇ ಲೇಸು. ಶರಾವತಿಯ 253 ಮೀಟರಿನ ಜೋಗವನ್ನೂ ಕಾರವಾರದ ದಿನಚರಿಗೆ ತುರುಕಬಾರದು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಂದಿನಿಂದ ಅಲ್ಲಿಯ ನೀರು ಮಳೆಯನ್ನೂ ಅಣೆಕಟ್ಟಿನ ಬಾಗಿಲನ್ನೂ ಕೇಳಿ ಬೀಳುವಂಥದಾಗಿದೆ.

ಬನವಾಸಿಯು ಕಾರವಾರದಿಂದ ಸುಲಭದ ದೂರವಲ್ಲ, ಶಿರಸಿಯನ್ನು ದಾಟಿ ಹೋಗಬೇಕು. ಆದರೂ ಅದನ್ನು ಬಿಡೆಂದು ಹೇಳಲು ನನಗೆ ಬಾಯಿ ಬರುವುದಿಲ್ಲ. ಕದಂಬರ ರಾಜಧಾನಿಯಾದ ಆ ಊರನ್ನು ಮೂರು ಕಡೆಯಿಂದ ಬಳಸಿ ಹರಿಯುವ ವರದೆಯು ಘಟ್ಟದ ನೆತ್ತಿಯಲ್ಲಿದ್ದೂ ಪೂರ್ವಕ್ಕೇ ಮುಖಮಾಡಿ, ನಮ್ಮ ಬೆಣ್ಣಿಹಳ್ಳದ ನೀರು ಸೇರುವ ಕಡಲನ್ನೇ ಸೇರುತ್ತದೆ. 634ರ ಐಹೊಳೆ ಶಾಸನದಲ್ಲಿ ರವಿಕೀರ್ತಿಯು ಇಮ್ಮಡಿ ಪುಲಕೇಶಿಯ ಮುತ್ತಿಗೆಯನ್ನು ವರ್ಣಿಸುತ್ತ, ನೆಲದ ಮೇಲಿನ ಬನವಾಸಿಯ ಕೋಟೆಯು ಜಲದುರ್ಗದಂತೆ ತೋರಿತೆಂದಿದ್ದಾನೆ. ಬನವಾಸಿಯನ್ನು ಹೊಗಳಿದ ಪಂಪನ ತಾಯಿ ಅಬ್ಬಣಬ್ಬೆಯು ಅಣ್ಣಿಗೇರಿಯ ಜೋಯಿಸಸಿಂಘನ ಮೊಮ್ಮಗಳು; ಅಣ್ಣಿಗೇರಿಯೋ ತಿರ್ಲಾಪುರದವರಿಗೆ ನೆರೆಯ ಸೀಮೆ. ಮಧುಕೇಶ್ವರನ ಗುಡಿಯ ಕಲ್ಲುಗಳ ನಡುವೆ ನಿಂತ ಎರೆಸೀಮೆಯವನು ಈ ನಂಟನ್ನು ನೆನೆದುಕೊಂಡರೆ ಪರವೂರಿಗೆ ಬಂದೆನೆನ್ನಿಸದು.

ಇನ್ನು ಕಾಲದ ವಿಚಾರ. ಕಾರವಾರದಲ್ಲಿ ಬೀಳುವ ಮಳೆಯು ನವಲಗುಂದದ ಮಳೆಯ ಸುಮಾರು ಐದು ಪಟ್ಟು. ಜೂನ್, ಜುಲೈಗಳಲ್ಲಿ ಮೀನುಗಾರರ ಯಾಂತ್ರಿಕ ದೋಣಿಗಳಿಗೇ ಕಡಲು ನಿಷಿದ್ಧ. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಜರಿದು ಹೆದ್ದಾರಿಯಲ್ಲಿದ್ದವರನ್ನು ಗಂಗಾವಳಿಗೆ ತಳ್ಳಿದ್ದನ್ನು ಯಾರೂ ಮರೆತಿಲ್ಲ. ಬೇಸಗೆಯಲ್ಲಿ ಹೋದರೆ ಜಲಪಾತಗಳು ಬಡವಾಗಿರುತ್ತವೆ. ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಹೊಳೆಯಲ್ಲಿ ನೀರೂ ಇರುತ್ತದೆ, ಕಡಲೂ ಶಾಂತವಾಗಿರುತ್ತದೆ. ಆದರೆ ಅದು ಹಿಂಗಾರಿ ಬಿತ್ತನೆಯ ಹೊತ್ತಾದುದರಿಂದ ಒಕ್ಕಲಿಗರು ಕಡಲೆ, ಜೋಳಗಳನ್ನು ಬಿತ್ತಿ ಕೈತೊಳೆದುಕೊಂಡ ಮೇಲೆ ಹೊರಡುವುದು ಒಳಿತು. ದೋಣಿಯಲ್ಲಿ ಕುಳ್ಳಿರುವ ಮುನ್ನ ಜೀವರಕ್ಷಕ ಅಂಗಿಯನ್ನು ಕೇಳಿ ತೊಟ್ಟುಕೊಳ್ಳಿರಿ, ಮಕ್ಕಳಿಗೆ ಮೊದಲು ತೊಡಿಸಿರಿ. ಅದಿಲ್ಲವೆಂದು ದೋಣಿಯವನು ಹೇಳಿದರೆ ಅಂದಿನ ಮಟ್ಟಿಗೆ ದ್ವೀಪವನ್ನು ಬಿಟ್ಟು ಮಿರ್ಜಾನಕ್ಕೆ ಹೋಗಿರಿ.