ಗರ್ಭಕ್ಕೆ ಸೇರಿಸುವ ಮೊದಲು ಭ್ರೂಣದ ಪರೀಕ್ಷೆ: ಯಾರಿಗೆ ಬೇಕು?

ಬೈಲಹೊಂಗಲದ ನನ್ನ ದವಾಖಾನೆಗೆ ಸವದತ್ತಿ ಕಡೆಯ ಗಂಡ ಹೆಂಡತಿ ಬಂದಿದ್ದರು. ಇಬ್ಬರ ತಾಯಂದಿರೂ ಅಕ್ಕ ತಂಗಿಯರು. ಮೊದಲ ಮಗುವಿಗೆ ಥಲಸ್ಸೀಮಿಯಾ. ಮೂರು ವಾರಕ್ಕೊಮ್ಮೆ ರಕ್ತ ಹಾಕಿಸಲು ಬೆಳಗಾವಿಗೆ ಓಡಾಟ. “ಎರಡನೇದಕ್ಕ ಹಿಂಗ ಆಗದಂಗ ಏನರ ಮಾಜೂನ್ ಕೊಡ್ರಿ ಹಕೀಮ್ ಸಾಬ್” ಎಂದರು.

ವಂಶವಾಹಿಯ ದೋಷವನ್ನು ತಿದ್ದುವ ಮಾಜೂನ್ ಇಲ್ಲ. ಯುನಾನಿ ಓದಿದವನಾಗಿಯೇ ಇದನ್ನು ಹೇಳುತ್ತಿದ್ದೇನೆ. ತಂದೆ ತಾಯಿ ಇಬ್ಬರೂ ಈ ರೋಗದ ವಾಹಕರಾಗಿದ್ದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ರೋಗ ಬರುವ ಸಂಭವ ಶೇ. 25. ‘ನಾಲ್ಕರಲ್ಲಿ ಒಂದಕ್ಕೆ ಬಂದಾಯಿತು, ಉಳಿದ ಮೂರು ಪಾರು’ ಎಂದು ತಿಳಿಯಬೇಡಿ. ಲೆಕ್ಕ ಪ್ರತಿ ಸಲವೂ ಹೊಸದಾಗಿ ಶುರುವಾಗುತ್ತದೆ.

ಇಂಥವರಿಗಾಗಿ ಇರುವುದೇ ಭ್ರೂಣದ ವಂಶವಾಹಿ ಪರೀಕ್ಷೆ. ಈ ಪರೀಕ್ಷೆಯ ನಂತರದ ಮೊದಲ ಮಕ್ಕಳು ಹುಟ್ಟಿದ್ದು 1990ರಲ್ಲಿ, ಲಂಡನ್ನಿನಲ್ಲಿ. ಹೆಂಡತಿಯ ಅಂಡಾಣು, ಗಂಡನ ವೀರ್ಯಾಣು ಸೇರಿಸಿ ಪ್ರಯೋಗಾಲಯದಲ್ಲಿ ಭ್ರೂಣ ಬೆಳೆಸುತ್ತಾರೆ. ಐದಾರನೇ ದಿನ, ಮುಂದೆ ಮಾಸು ಆಗುವ ಹೊರಪದರದಿಂದ ಕೆಲವೇ ಜೀವಕೋಶ ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ವರದಿ ಬರುವವರೆಗೆ ಭ್ರೂಣವನ್ನು ಹೆಪ್ಪುಗಟ್ಟಿಸಿ ಇಡುತ್ತಾರೆ. ಏನು ಹುಡುಕಬೇಕೆಂದು ಗೊತ್ತಾಗಲು ತಂದೆ, ತಾಯಿ, ಸಾಧ್ಯವಾದರೆ ರೋಗವಿರುವ ಮಗು, ಇವರ ರಕ್ತ ಮೊದಲೇ ಬೇಕು. ವಾಹಕ ಮಾತ್ರವಾಗಿರುವ ಭ್ರೂಣವನ್ನು ತಳ್ಳಿಹಾಕಬೇಕಿಲ್ಲ. ಆ ಮಗು ತಂದೆ ತಾಯಿಯಂತೆಯೇ ಆರೋಗ್ಯವಾಗಿ ಬಾಳುತ್ತದೆ.

ಖರ್ಚು ಲಕ್ಷಗಳಲ್ಲಿ. ಇಷ್ಟಾದರೂ ಗರ್ಭ ನಿಲ್ಲುವ ಖಾತ್ರಿ ಇಲ್ಲ; ನಿಂತರೆ ಬಸಿರಿನಲ್ಲಿ ಇನ್ನೊಮ್ಮೆ ಪರೀಕ್ಷಿಸಿ ಖಚಿತಪಡಿಸಿಕೊಳ್ಳಲು ಹೇಳುತ್ತಾರೆ. ಸಹಜವಾಗಿ ಬಸಿರಾಗುವವರಿಗೆ ಇನ್ನೊಂದು ದಾರಿಯೂ ಇದೆ: 11ರಿಂದ 14ನೇ ವಾರದೊಳಗೆ ಮಾಸಿನ ಚೂರು ತೆಗೆದು ನೋಡುವುದು. ಆದರೆ ರೋಗವಿದೆ ಎಂದು ಬಂದರೆ ಮುಂದೇನು ಎಂಬ ಕಠಿಣ ಪ್ರಶ್ನೆ ಎದುರಾಗುತ್ತದೆ. ವೈದ್ಯರ ಜೊತೆ ನಿಮ್ಮ ಆಲಿಮರನ್ನೂ ಮೊದಲೇ ಕೇಳಿಕೊಳ್ಳಿ.

ಬರೀ ವರ್ಣತಂತುಗಳನ್ನು ಎಣಿಸುವ ಪರೀಕ್ಷೆ ಬೇರೆ. ಮಕ್ಕಳಾಗದೆ ಐವಿಎಫ್‌ಗೆ ಹೋದವರಿಗೆಲ್ಲ ‘ಇದನ್ನೂ ಮಾಡಿಸಿ’ ಎನ್ನುವುದುಂಟು. ಅದರಿಂದ ಎಲ್ಲರಿಗೂ ಮಗುವಾಗುವ ಸಂಭವ ಹೆಚ್ಚುತ್ತದೆಂದು ಸಾಬೀತಾಗಿಲ್ಲ. ನಿಮಗೇಕೆ ಬೇಕು ಎಂದು ಕೇಳಿಯೇ ಹಣ ಕಟ್ಟಿ. ‘ಗಂಡೋ ಹೆಣ್ಣೋ ಹೇಳುತ್ತೇವೆ’ ಎಂದರೆ ಎದ್ದು ಬನ್ನಿ. 1994ರ ಲಿಂಗಪತ್ತೆ ನಿಷೇಧ ಕಾಯ್ದೆಯಡಿ ಅದು ಅಪರಾಧ, ಕೇಳುವವರಿಗೂ.

ಈ ಅಲೆದಾಟವೆಲ್ಲ ಶುರುವಾಗುವ ಮೊದಲೇ ಮಾಡಬಹುದಾದದ್ದು ಹೆಚ್‌ಬಿ ಎ2 ಎಂಬ ರಕ್ತ ಪರೀಕ್ಷೆ. ಥಲಸ್ಸೀಮಿಯಾ ವಾಹಕರು ಯಾರೆಂದು ಅದು ತೋರಿಸುತ್ತದೆ. ಕಿತ್ತೂರಿರಲಿ, ರಾಮದುರ್ಗವಿರಲಿ, ನಮ್ಮಲ್ಲಿ ಸಂಬಂಧದೊಳಗಿನ ನಿಕಾಹ್ ಹೊಸದಲ್ಲ. ಒಂದೇ ಅಜ್ಜ ಅಜ್ಜಿಯಿಂದ ಒಂದೇ ದೋಷ ಇಬ್ಬರಿಗೂ ಇಳಿದಿರಬಹುದು. ಒಬ್ಬರೇ ವಾಹಕರಾದರೆ ಮಕ್ಕಳಿಗೆ ಈ ದೊಡ್ಡ ರೋಗ ಬರುವ ಭಯವಿಲ್ಲ.

ಆ ದಂಪತಿಯನ್ನು ಬೆಳಗಾವಿಯ ತಜ್ಞರ ಬಳಿ ಕಳಿಸಿದೆ. ಹೊರಡುವಾಗ ಆಕೆ, ತಂಗಿಗೆ ರಾಮದುರ್ಗದ ಮಾಮುವಿನ ಮಗನ ಜೊತೆ ಮಾತು ನಡೆದಿದೆ ಎಂದಳು. ಇಬ್ಬರ ಹೆಸರಿಗೂ ಹೆಚ್‌ಬಿ ಎ2 ಚೀಟಿ ಬರೆದುಕೊಟ್ಟೆ.