ತಿಳಿನೀರಿನಲ್ಲಿ ಅಡಗಿದ ಲೋಹ

ಹೊಳಲ್ಕೆರೆಯ ಸೀಮೆಯಲ್ಲಿ ನೀರಿನ ಮಾತು ಬಾರದ ಮನೆಯಿಲ್ಲ. ಕೆರೆಬಾವಿಗಳು ಬತ್ತಿದಂತೆಲ್ಲ ಕೊಳವೆಬಾವಿಗಳು ಆಳಕ್ಕಿಳಿದುವು. ಕಲ್ಲಿನ ಪದರಗಳಲ್ಲಿದ್ದ ಫ್ಲೋರೈಡು ನೀರಿನೊಡನೆ ಮೇಲಕ್ಕೆ ಬಂದಿತು. ಲೀಟರಿಗೆ 1.5 ಮಿಲಿಗ್ರಾಮನ್ನು ಮೀರಿ ಫ್ಲೋರೈಡುಳ್ಳ ನೀರು ಚಿತ್ರದುರ್ಗ ಜಿಲ್ಲೆಯ ಹಲವು ಗ್ರಾಮಗಳಲ್ಲಿ ಉಂಟು. ಅದನ್ನು ಬಹುಕಾಲ ಕುಡಿದ ಮಕ್ಕಳ ಹಲ್ಲು ಕಂದುಗಟ್ಟುವುದನ್ನೂ ಹಿರಿಯರ ಕೀಲು ಬಿಗಿಯುವುದನ್ನೂ ವಾಚಕರು ಬಲ್ಲರು.

ಇದಕ್ಕೆ ನಲ್ಗೊಂಡ ವಿಧಾನವೆಂಬ ಪರಿಹಾರವೊಂದಿದೆ. ಪಟಿಕವನ್ನೂ ಸುಣ್ಣವನ್ನೂ ಬೆರೆಸಿ ಕದಡಿ, ಗಸಿ ಇಳಿದ ಮೇಲೆ ತಿಳಿಯನ್ನು ಬಸಿದುಕೊಳ್ಳುವುದು. ಅಗ್ಗವಾದ ಕ್ರಮವೇ ಸರಿ. ಆದರೆ ಪಟಿಕದ ಜೀವಾಳವು ಅಲ್ಯೂಮಿನಿಯಮ್. ಅಳತೆ ತಪ್ಪಿದರೆ ಅದರ ಅಯಾನುಗಳು, ಎಂದರೆ ವಿದ್ಯುದಂಶವುಳ್ಳ ಕಣಗಳು, ತಿಳಿಯಲ್ಲೇ ಉಳಿಯುವುವು. ಭಾರತೀಯ ಮಾನಕವು ಇದಕ್ಕೆ ಲೀಟರಿಗೆ 0.03 ಮಿಲಿಗ್ರಾಮಿನ ಮಿತಿಯನ್ನೂ, ಬೇರೆ ನೀರು ದೊರೆಯದೆಡೆ 0.2ರ ಮಿತಿಯನ್ನೂ ಇಟ್ಟಿದೆ. ಅಷ್ಟು ಸೂಕ್ಷ್ಮವಾದುದು ಕಣ್ಣಿಗೆ ಕಾಣದು, ನಾಲಗೆಗೆ ತಿಳಿಯದು. ಒಂದು ಕೇಡನ್ನು ಕಳೆಯಹೋಗಿ ಇನ್ನೊಂದನ್ನು ಕೊಡಕ್ಕೆ ತುಂಬಿಕೊಂಡೆವೋ ಎಂಬುದನ್ನು ಅರಿಯುವ ಬಗೆ ಯಾವುದು?

ನಮ್ಮ ಹಲಸಿನ ಚೇಗಿನ ಹಳದಿಯಲ್ಲಿ ಮೋರಿನ್ ಎಂಬ ವಸ್ತುವಿದೆ. ಅದು ಅಲ್ಯೂಮಿನಿಯಮ್ಮನ್ನು ಕೂಡಿದರೆ, ಕಣ್ಣಿಗೆ ಕಾಣದ ನೇರಳಾತೀತ ಕಿರಣವನ್ನು ಹೀರಿ ಹಸುರು ಬೆಳಕನ್ನು ಬೀರುವುದು. ಪ್ರತಿದೀಪ್ತಿಯೆಂದರೆ ಇದೇ. 1867ರಲ್ಲಿಯೇ ಗೊಪೆಲ್ಸ್‌ರೋಡರ್ ಎಂಬ ಸ್ವಿಸ್ ರಸಾಯನಜ್ಞನು ಈ ಹೊಳಪಿನಿಂದ ಲೋಹವನ್ನು ಗುರುತಿಸಿದನು.

ಈಚಿನ ರಸಾಯನಜ್ಞರು ಹೊಳೆಯುವ ಇಂತಹ ಅಣುಗಳನ್ನು ಸರಪಣಿಯಂತೆ ಪೋಣಿಸಿ ಪಾಲಿಮರುಗಳನ್ನು ಕಟ್ಟುವರು. ಪಕ್ಕದಲ್ಲಿ ಲೋಹವನ್ನು ಹಿಡಿಯುವ ಕೈಗಳನ್ನು ಇಡುವರು. ಅಲ್ಯೂಮಿನಿಯಮ್ಮಿಗೆ ಆಮ್ಲಜನಕದ ಕೈ, ಪಾದರಸಕ್ಕೆ ಗಂಧಕದ ಕೈ. (ಪಾದರಸ ಗಂಧಕಗಳು ಕೂಡಿ ಇಂಗಲೀಕವಾಗುವುದನ್ನು ನಮ್ಮ ಪಂಡಿತರು ಎಂದೋ ಅರಿತಿದ್ದರು.) ಸರಪಣಿಯ ಸೊಗಸು ಬೇರೆಯದೇ ಇದೆ. ಹೀರಿದ ಶಕ್ತಿಯು ಅದರುದ್ದಕ್ಕೂ ಹರಿದಾಡುವುದರಿಂದ, ಬೆಳಕನ್ನು ನಂದಿಸುವ ಅಯಾನು ಒಂದೆಡೆ ಕುಳಿತರೂ ಸಾಕು, ಕಾಲುವೆಯ ಏರಿಯ ಒಂದೇ ಇಲಿಬಿಲದಿಂದ ನೀರೆಲ್ಲ ಸೋರಿಹೋಗುವಂತೆ ಹೊಳಪು ಬಹುಮಟ್ಟಿಗೆ ಆರಿಹೋಗುವುದು. 1995ರಲ್ಲಿ ಅಮೆರಿಕದ ಝೌ ಮತ್ತು ಸ್ವಾಗರ್ ಎಂಬವರು ಇದನ್ನು ತೋರಿಸಿದರು. ಅವರು ಹಿಡಿದುದು ಲೋಹವನ್ನಲ್ಲ, ಕಳೆನಾಶಕವೊಂದನ್ನು. ತತ್ತ್ವವು ಮುಂದೆ ಲೋಹಗಳಿಗೂ ಒಗ್ಗಿತು.

ಆದರೂ ಆರುವ ದೀಪಕ್ಕಿಂತ ಹತ್ತುವ ದೀಪದ ಸಾಕ್ಷಿಯೇ ಮೇಲೆಂದು ನಮಗೆ ತೋರುವುದು. ತಾಮ್ರವೂ ಕಬ್ಬಿಣವೂ ಹೊಳಪನ್ನು ನಂದಿಸಬಲ್ಲವು. ಇಂಗಳದಾಳದಂತಹ ತಾಮ್ರದ ಅದಿರಿನ ನೆಲವುಳ್ಳ ಜಿಲ್ಲೆಯಲ್ಲಿ ದೀಪ ಆರಿದುದು ಯಾರಿಂದ ಎಂದು ಹೇಳುವುದು ಕಷ್ಟ. ಅಲ್ಯೂಮಿನಿಯಮ್ಮಿನಿಂದ ಹೊಳಪೇರುವಂತೆ ಹೆಣೆದ ಪಾಲಿಮರಿಗೆ ಈ ತೊಡಕು ಕಡಿಮೆ. ಅದಕ್ಕೆ ತೊಡಕಾಗುವುದು ಫ್ಲೋರೈಡೇ! ನೀರಿನಲ್ಲಿ ಉಳಿದ ಫ್ಲೋರೈಡು ಅಲ್ಯೂಮಿನಿಯಮ್ಮನ್ನು ಆ ಕೈಯಿಂದ ಕಸಿದುಕೊಂಡು ಬೆಳಕನ್ನು ಕುಗ್ಗಿಸುವುದು. ಈ ಗುಣವನ್ನೇ ತಿರುಗಿಸಿ, ಅಲ್ಯೂಮಿನಿಯಮ್ಮನ್ನು ಹಿಡಿದು ಹೊಳೆಯುತ್ತಿರುವ ದ್ರಾವಣಕ್ಕೆ ಬಾವಿಯ ನೀರನ್ನು ಹನಿಸಿ, ಬೆಳಕು ಎಷ್ಟು ಕುಗ್ಗಿತೆಂಬುದರಿಂದ ಫ್ಲೋರೈಡನ್ನು ಅಳೆಯುವುದೂ ಉಂಟು.