ಉಳಿದ ಸಮಯ ಯಾರ ಪಾಲು?

ಒರಳುಕಲ್ಲಿನ ಜಾಗಕ್ಕೆ ಗ್ರೈಂಡರ್ ಬಂದು, ಬೀಸುಕಲ್ಲು ಹಿತ್ತಿಲು ಸೇರಿ ಬಹಳ ಕಾಲವಾಯಿತು. ಸೌದೆ ಒಲೆಯ ಹೊಗೆ ನಗರದ ಅಡುಗೆಮನೆಗಳಿಂದ ಮರೆಯಾಗಿದೆ. ಬಟ್ಟೆಯನ್ನು ಯಂತ್ರ ಒಗೆಯುತ್ತದೆ. ವಿದ್ಯುತ್ ಬಿಲ್ ಕಟ್ಟಲು, ರೈಲಿನ ಟಿಕೆಟ್ ಕಾಯ್ದಿರಿಸಲು, ಬ್ಯಾಂಕಿನಿಂದ ಹಣ ಕಳುಹಿಸಲು ಸಾಲಿನಲ್ಲಿ ನಿಲ್ಲಬೇಕಾಗಿಲ್ಲ. ಅಂಗೈಯ ಮೊಬೈಲ್ ಸಾಕು. ಲೆಕ್ಕ ಹಾಕಿ ನೋಡಿದರೆ ನಮ್ಮಷ್ಟು ಬಿಡುವಿರುವ ತಲೆಮಾರು ಹಿಂದೆಂದೂ ಇದ್ದಿರಲಾರದು. ಆದರೂ ‘ಪುರುಸೊತ್ತೇ ಇಲ್ಲ’ ಎಂಬ ಮಾತನ್ನು ನಮ್ಮಷ್ಟು ಸಲ ಆಡಿದ ತಲೆಮಾರೂ ಇದ್ದಿರಲಾರದು. ಹಾಗಾದರೆ ಈ ಸಾಧನಗಳು ಉಳಿಸಿದ ಸಮಯ ಹೋದದ್ದಾದರೂ ಎಲ್ಲಿಗೆ?

ಪ್ರಶ್ನೆ ಹೊಸದೇನಲ್ಲ. ಬ್ರಿಟನ್ನಿನ ಅರ್ಥಶಾಸ್ತ್ರಜ್ಞ ಜಾನ್ ಮೇನಾರ್ಡ್ ಕೇನ್ಸ್ 1930ರಲ್ಲಿ ಪ್ರಕಟವಾದ ಪ್ರಬಂಧವೊಂದರಲ್ಲಿ, ಇನ್ನು ನೂರು ವರ್ಷಗಳಲ್ಲಿ ಮನುಷ್ಯ ವಾರಕ್ಕೆ 15 ಗಂಟೆ ದುಡಿದರೆ ಸಾಕಾದೀತು ಎಂದು ಊಹಿಸಿದ್ದರು. ಬಿಡುವನ್ನು ಹೇಗೆ ಕಳೆಯುವುದು ಎಂಬುದೇ ಮುಂದಿನವರ ಸಮಸ್ಯೆಯಾಗಲಿದೆ ಎಂಬುದು ಅವರ ಎಣಿಕೆಯಾಗಿತ್ತು. ಅವರು ಕೊಟ್ಟ ಗಡುವು ಸಮೀಪಿಸುತ್ತಿದೆ. ಸಂಪತ್ತು ಬೆಳೆದಿದೆ, ಯಂತ್ರಗಳು ಬಂದಿವೆ. ಆ ಬಿಡುವು ಮಾತ್ರ ಬಂದಿಲ್ಲ.

ಹಾಗೆಂದು ಹಳೆಯದನ್ನು ಹಾಡಿ ಹೊಗಳಬೇಕಾಗಿಲ್ಲ. ಬೀಸುವ ಪದಗಳು ಕನ್ನಡ ಜನಪದದ ಅಮೂಲ್ಯ ಆಸ್ತಿ, ನಿಜ. ಆದರೆ ನಸುಕಿನಲ್ಲೆದ್ದು ರಾಗಿ ಬೀಸುವ ಕೆಲಸ ಸುಖಕರವಾಗಿತ್ತು ಎಂಬುದಕ್ಕೆ ಆ ಹಾಡುಗಳು ಸಾಕ್ಷಿಯಲ್ಲ. ರಟ್ಟೆಯ ನೋವನ್ನು ಮರೆಯಲೆಂದೇ ಹಾಡು ಬೇಕಾಗಿತ್ತು. ಸ್ವೀಡನ್ನಿನ ಆರೋಗ್ಯ ತಜ್ಞ ಹ್ಯಾನ್ಸ್ ರೋಸ್ಲಿಂಗ್ 2010ರ ಉಪನ್ಯಾಸವೊಂದರಲ್ಲಿ, ಬಟ್ಟೆ ಒಗೆಯುವ ಯಂತ್ರ ಮನೆಗೆ ಬಂದ ಮೇಲೆ ತಮ್ಮ ತಾಯಿಗೆ ಗ್ರಂಥಾಲಯಕ್ಕೆ ಹೋಗಲು ಸಮಯ ದೊರೆತದ್ದನ್ನು ನೆನೆದಿದ್ದರು. ಯಂತ್ರದ ನಿಜವಾದ ವರ ಇಂಥದ್ದು. ಆದರೆ ಆ ವರ ಎಲ್ಲರಿಗೂ ದಕ್ಕಿತೇ?

ಅಮೆರಿಕದ ಸಮಾಜ ವಿಜ್ಞಾನಿ ಜೋನ್ ವಾನೆಕ್ 1974ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ಉಲ್ಲೇಖನೀಯ. ಹೊರಗೆ ದುಡಿಯದ ಗೃಹಿಣಿಯರು 1920ರ ದಶಕದಲ್ಲಿ ವಾರಕ್ಕೆ ಸುಮಾರು 52 ಗಂಟೆ ಮನೆಗೆಲಸ ಮಾಡುತ್ತಿದ್ದರೆ, 1960ರ ದಶಕದಲ್ಲಿ ಅದು ಸುಮಾರು 55 ಗಂಟೆಯಾಗಿತ್ತು. ಈ ನಡುವೆ ಫ್ರಿಜ್, ವಾಷಿಂಗ್ ಮೆಷಿನ್, ವ್ಯಾಕ್ಯೂಮ್ ಕ್ಲೀನರ್ ಎಲ್ಲವೂ ಮನೆಯೊಳಗೆ ಬಂದಿದ್ದವು. ಬಟ್ಟೆಗೆ ಸಂಬಂಧಿಸಿದ ಕೆಲಸಕ್ಕೆ ತಗಲುವ ಸಮಯವಂತೂ ಹೆಚ್ಚೇ ಆಗಿತ್ತು. ಇತಿಹಾಸಕಾರ್ತಿ ರೂತ್ ಶ್ವಾರ್ಟ್ಜ್ ಕೋವನ್ 1983ರ ತಮ್ಮ ಕೃತಿಯಲ್ಲಿ ಇದರ ಕಾರಣಗಳನ್ನು ಬಿಡಿಸಿಟ್ಟರು. ಯಂತ್ರ ಕೆಲಸವನ್ನು ಹಗುರಗೊಳಿಸಿತು. ಜೊತೆಗೆ ನಿರೀಕ್ಷೆಯನ್ನೂ ಏರಿಸಿತು. ಹಿಂದೆ ಮಡಿವಾಳರೋ ಕೆಲಸದಾಕೆಯೋ ಮನೆಯ ಇತರರೋ ಹಂಚಿಕೊಳ್ಳುತ್ತಿದ್ದ ಕೆಲಸ ಒಬ್ಬಳೇ ಗೃಹಿಣಿಯ ಹೆಗಲಿಗೆ ಬಿತ್ತು.

ನಮ್ಮ ಮನೆಗಳನ್ನೇ ನೋಡಿ. ಎರಡು ದಿನ ತೊಟ್ಟ ಅಂಗಿ ಈಗ ಅರ್ಧ ದಿನಕ್ಕೇ ಯಂತ್ರದ ಪಾಲಾಗುತ್ತದೆ. ಒರಳಿನಲ್ಲಿ ರುಬ್ಬಬೇಕಾಗಿದ್ದಾಗ ವಿಶೇಷ ದಿನದ ತಿಂಡಿಯಾಗಿದ್ದ ದೋಸೆ ಇಂದು ವಾರದ ಯಾವ ದಿನವಾದರೂ ಆಗಲೇಬೇಕು. ಮಗನಿಗೊಂದು, ಮಾವನವರಿಗೊಂದು, ಕಚೇರಿಯ ಡಬ್ಬಿಗೊಂದು ಎಂದು ಬೆಳಗಿನ ಅಡುಗೆಯೇ ಮೂರಾಗುತ್ತದೆ. ‘ಮಿಕ್ಸಿ ಇದೆಯಲ್ಲ, ಏನು ಕಷ್ಟ?’ ಎಂಬ ಮಾತಿನಲ್ಲಿ ಶ್ರಮ ಕಡಿಮೆಯಾದುದರ ಲೆಕ್ಕವಿದೆಯೇ ಹೊರತು ಸಮಯದ ಲೆಕ್ಕವಿಲ್ಲ.

ಅಮೆರಿಕದಲ್ಲಿ ಮಹಿಳೆಯರ ಮನೆಗೆಲಸದ ಅವಧಿ ಗಣನೀಯವಾಗಿ ಇಳಿದದ್ದು 1960ರ ದಶಕದ ನಂತರ, ಅಂದರೆ ಮುಖ್ಯ ಯಂತ್ರಗಳೆಲ್ಲ ಬಂದಾದ ಮೇಲೆ. ಹೆಣ್ಣುಮಕ್ಕಳು ಅಪಾರ ಸಂಖ್ಯೆಯಲ್ಲಿ ಉದ್ಯೋಗಕ್ಕೆ ಹೋದರು; ಮಕ್ಕಳ ಸಂಖ್ಯೆ ಕಡಿಮೆಯಾಯಿತು; ಗಂಡಸರು, ಪೂರ್ಣ ಪಾಲಲ್ಲದಿದ್ದರೂ, ಕೈಜೋಡಿಸತೊಡಗಿದರು. ಯಂತ್ರ ತೆರೆದ ಬಾಗಿಲನ್ನು ದಾಟಲು ಮನೆಯೊಳಗಿನ ಸಂಬಂಧಗಳೇ ಬದಲಾಗಬೇಕಾಯಿತು.

ಭಾರತದ ಚಿತ್ರ ಇನ್ನೂ ಸ್ಪಷ್ಟ. ಕೇಂದ್ರ ಸರ್ಕಾರದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ವೇತನವಿಲ್ಲದ ಮನೆಗೆಲಸದಲ್ಲಿ ತೊಡಗಿದ ಮಹಿಳೆಯರು 2019ರಲ್ಲಿ ದಿನಕ್ಕೆ 299 ನಿಮಿಷ ವ್ಯಯಿಸುತ್ತಿದ್ದರು. 2024ರಲ್ಲಿ 289 ನಿಮಿಷ. ಇದೇ ಅವಧಿಯಲ್ಲಿ ಪುರುಷರ ಪಾಲು 97ರಿಂದ 88 ನಿಮಿಷಕ್ಕೆ ಇಳಿಯಿತು. ಅದೂ ಮನೆಗೆಲಸ ಮಾಡುವ ಪುರುಷರ ಲೆಕ್ಕ. ಅಂಥವರು ಒಟ್ಟು ಪುರುಷರಲ್ಲಿ ಸುಮಾರು ನಾಲ್ಕನೇ ಒಂದು ಭಾಗ ಮಾತ್ರ. ಸ್ಮಾರ್ಟ್‌ಫೋನು, ಮನೆಬಾಗಿಲಿಗೆ ದಿನಸಿ ತಲುಪಿಸುವ ವ್ಯವಸ್ಥೆ ಇವೆಲ್ಲ ಊರೂರಿಗೆ ವ್ಯಾಪಿಸಿದ ಐದು ವರ್ಷಗಳಲ್ಲಿ ಮಹಿಳೆಗೆ ದೊರೆತ ಬಿಡುವು ದಿನಕ್ಕೆ ಹತ್ತು ನಿಮಿಷ!

ಅಡುಗೆಮನೆಯಲ್ಲಿ ನಡೆದದ್ದೇ ಈಗ ಮೊಬೈಲಿನ ಮೂಲಕ ಮನೆಯ ಎಲ್ಲರಿಗೂ ಆಗುತ್ತಿದೆ. 1995ರ ಜುಲೈ 31ರಂದು ಕೋಲ್ಕತ್ತದಿಂದ ದೆಹಲಿಗೆ ದೇಶದ ಮೊದಲ ಮೊಬೈಲ್ ಕರೆ ಹೋದಾಗ, ಅದು ಇದ್ದಲ್ಲಿಂದಲೇ ಮಾತಾಡಬಲ್ಲ ಸ್ವಾತಂತ್ರ್ಯವಾಗಿ ಕಂಡಿತ್ತು. ಇದ್ದಲ್ಲಿಂದಲೇ ಮಾತಾಡಬಹುದು ಎಂಬುದು ಕ್ರಮೇಣ ಇದ್ದಲ್ಲಿಂದಲೇ ಉತ್ತರಿಸಬೇಕು ಎಂದಾಯಿತು. ಗುಮಾಸ್ತ ಮಾಡುತ್ತಿದ್ದ ಕೆಲಸವನ್ನು ಈಗ ಗ್ರಾಹಕನೇ ಒಟಿಪಿ, ಪಾಸ್‌ವರ್ಡ್, ಕೆವೈಸಿಗಳ ನಡುವೆ ಮಾಡಿಕೊಳ್ಳಬೇಕು. ಕಚೇರಿಯ ವಾಟ್ಸ್‌ಆ್ಯಪ್ ಗುಂಪು ರಾತ್ರಿ ಊಟದ ತಟ್ಟೆಯ ಪಕ್ಕದಲ್ಲೇ ಮಿನುಗುತ್ತದೆ. ಇಷ್ಟರ ಮೇಲೂ ಉಳಿದ ಅರೆಗಳಿಗೆಯನ್ನು, ನಮ್ಮ ಗಮನವನ್ನೇ ಮಾರಿ ಬದುಕುವ ಜಾಲತಾಣಗಳು ಕಬಳಿಸುತ್ತವೆ.

ಬೇರೆ ದೇಶಗಳು ಇದನ್ನು ಬರೀ ವೈಯಕ್ತಿಕ ಶಿಸ್ತಿನ ವಿಷಯವೆಂದು ಬಿಟ್ಟಿಲ್ಲ. ಕೆಲಸದ ಅವಧಿ ಮುಗಿದ ಮೇಲೆ ಕಚೇರಿಯ ಸಂಪರ್ಕ ಕಡಿದುಕೊಳ್ಳುವ ಹಕ್ಕು ಫ್ರಾನ್ಸಿನಲ್ಲಿ 2017ರಲ್ಲಿ, ಆಸ್ಟ್ರೇಲಿಯಾದಲ್ಲಿ 2024ರಲ್ಲಿ ಜಾರಿಗೆ ಬಂತು. ನಮ್ಮಲ್ಲಿ ಸಂಸದೆ ಸುಪ್ರಿಯಾ ಸುಳೆ 2018ರಲ್ಲಿ ಲೋಕಸಭೆಯಲ್ಲಿ ಮಂಡಿಸಿದ ಇಂಥದೇ ಖಾಸಗಿ ಮಸೂದೆ ಕಾಯ್ದೆಯಾಗಲಿಲ್ಲ. ಜಗತ್ತಿಗೆ ಸಮಯ ಉಳಿಸುವ ತಂತ್ರಾಂಶ ಬರೆದುಕೊಡುವ ಬೆಂಗಳೂರಿನಲ್ಲಿ ಐಟಿ ನೌಕರರ ದಿನದ ದುಡಿಮೆಯನ್ನು 14 ಗಂಟೆಯವರೆಗೆ ವಿಸ್ತರಿಸಲು ಅವಕಾಶ ಕೊಡುವ ಪ್ರಸ್ತಾವ 2024ರಲ್ಲಿ ಕೇಳಿಬಂದು, ನೌಕರರ ಸಂಘಟನೆ ಅದನ್ನು ವಿರೋಧಿಸಬೇಕಾಯಿತು. ಇದಕ್ಕಿಂತ ದೊಡ್ಡ ವ್ಯಂಗ್ಯ ಬೇಕೇ?

ಯಂತ್ರ ಶ್ರಮವನ್ನು ಉಳಿಸುತ್ತದೆ. ಉಳಿದ ಸಮಯ ಯಾರಿಗೆ ಸೇರಬೇಕು ಎಂಬುದನ್ನು ಅದು ನಿರ್ಧರಿಸುವುದಿಲ್ಲ. ಅದನ್ನು ನಿರ್ಧರಿಸುವುದು ಮನೆಯಲ್ಲಿ ಕುಟುಂಬ, ಕಚೇರಿಯಲ್ಲಿ ಮಾಲೀಕ, ಇಬ್ಬರ ಮೇಲೂ ಕಾನೂನು ಮತ್ತು ರೂಢಿ. ಆದ್ದರಿಂದ ಮೊಬೈಲನ್ನು ದೂಷಿಸುವುದಾಗಲಿ, ಹೊಸ ಯಂತ್ರ ಬಂದರೆ ಎಲ್ಲ ಸರಿಹೋದೀತು ಎಂದು ನಂಬುವುದಾಗಲಿ ಸಲ್ಲದು. ಗ್ರೈಂಡರ್ ತಂದ ಮನೆಯಲ್ಲಿ ಹಿಟ್ಟು ರುಬ್ಬುವ, ಪಾತ್ರೆ ತೊಳೆಯುವ ಸರದಿಯೂ ಹಂಚಿಕೆಯಾಗಬೇಕು. ನೌಕರನ ಕೈಗೆ ಫೋನು ಕೊಟ್ಟ ಸಂಸ್ಥೆ ಅದನ್ನು ಆರಿಸಿಡುವ ಗಂಟೆಯನ್ನೂ ಗೊತ್ತುಪಡಿಸಬೇಕು. ಅಲ್ಲಿಯವರೆಗೆ ಅಂಗಡಿಯಿಂದ ನಾವು ತರುವುದು ಸಾಧನವನ್ನು ಮಾತ್ರ, ಪುರುಸೊತ್ತನ್ನಲ್ಲ.